ಮೆಟಲ್ ಬ್ಯಾಂಡ್ ಮೆಟಾಲಿಕಾದ ಹನ್ನೊಂದು ಆಲ್ಬಂ, ನಿಮ್ಮ ರ‍್ಯಾಂಕಿಂಗ್ ಸಾಲು ಯಾವುದು? ಬೇಸ್ ಕೇಳಿಸಲ್ಲ ಅಂತ ಜಸ್ಟಿಸ್‌ಗೆ ಅಂಕ ಕಳೀಬೇಕಾ?

#1 ಕಪ್ಪುಅಂಗಿ
ಸ್ಟುಡಿಯೋ ಆಲ್ಬಂ ಹನ್ನೊಂದು ಮಾತ್ರ ಲೆಕ್ಕಕ್ಕೆ. ಗ್ಯಾರೇಜ್ ಇಂಕ್, ಎಸ್ ಆ್ಯಂಡ್ ಎಮ್, ಲೂ ರೀಡ್ ಜೊತೆ ಮಾಡಿದ ಲುಲು, ಮೂರೂ ಹೊರಗೆ. ಒಂದೆರಡು ಹಿಟ್ ಹಾಡು ಹಿಡ್ಕೊಂಡು ಬರಬೇಡಿ. ಮೊದಲ ಹಾಡಿನಿಂದ ಕೊನೇ ಹಾಡಿನ ತನಕ ಒಂದೇ ಸಲ ಕೂತು ಕೇಳಿದ್ರೆ ಹೇಗಿದೆ ಅನ್ನೋದೇ ಪ್ರಶ್ನೆ. "ಸೂಪರ್", "ಡಬ್ಬ" ಅಂದ್ರೆ ಸಾಲದು, ಕಿವಿಗೆ ಸಿಗೋ ಕಾರಣ ಕೊಡಿ.

ನನ್ನ ಸಾಲು: 1 ರೈಡ್ ದ ಲೈಟ್ನಿಂಗ್, 2 ಮಾಸ್ಟರ್ ಆಫ್ ಪಪೆಟ್ಸ್, 3 ಆ್ಯಂಡ್ ಜಸ್ಟಿಸ್ ಫಾರ್ ಆಲ್, 4 ಬ್ಲ್ಯಾಕ್ ಆಲ್ಬಂ, 5 ಕಿಲ್ ಎಮ್ ಆಲ್, 6 ಹಾರ್ಡ್‌ವೈರ್ಡ್, 7 ಲೋಡ್, 8 ಡೆತ್ ಮ್ಯಾಗ್ನೆಟಿಕ್, 9 72 ಸೀಸನ್ಸ್, 10 ರೀಲೋಡ್, 11 ಸೇಂಟ್ ಆ್ಯಂಗರ್.

ನಿಜವಾದ ತಕರಾರು ಬೇರೆ ಇದೆ. ಬರೀ ಹಾಡು ನೋಡಿದ್ರೆ ಜಸ್ಟಿಸ್ ನನಗೆ ಮೊದಲನೇದು. ಬೇಸ್ ಗಿಟಾರ್ ಕೇಳಿಸೋದೇ ಇಲ್ಲ ಅಂತ ಎರಡು ಮೆಟ್ಟಿಲು ಇಳಿಸಿದೀನಿ. ಡೆತ್ ಮ್ಯಾಗ್ನೆಟಿಕ್‌ಗೂ ಅದೇ ಶಿಕ್ಷೆ, ಇಲ್ಲದಿದ್ರೆ ಅದು ಆರರಲ್ಲಿ ಇರ್ತಿತ್ತು. ರೆಕಾರ್ಡಿಂಗ್ ಕೆಟ್ಟಿದ್ದಕ್ಕೆ ಹಾಡಿನ ಅಂಕ ಕಳೆಯೋದು ಸರಿನಾ?

#2 ಡೌನ್‌ಸ್ಟ್ರೋಕ್
ಮಾಸ್ಟರ್ ಎರಡನೇದಾ? ಚರ್ಚೆ ಇಲ್ಲಿಗೇ ಮುಗೀತು ಗುರು, ಬಾಗಿಲು ಹಾಕಿ.

#3 ಧಾರವಾಡರಿಫ್
ಬಾಗ್ಲಾ ಯಾಕ ಹಾಕ್ತೀರಿ, ಮೊದ್ಲ ಇದನ್ನ ಕೇಳ್ರಿ. ರೈಡ್ 1984ರದು, ಮಾಸ್ಟರ್ 1986ರದು. ಎರಡೂ ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಾಗ, ನಿರ್ಮಾಪಕ ಫ್ಲೆಮಿಂಗ್ ರಾಸ್ಮುಸೆನ್ ಕೂಡ ಕುಂತು ಮಾಡಿದ್ವು. ಎರಡರಾಗೂ ಎಂಟೆಂಟ ಹಾಡು. ಈಗ ಎದುರಾಬದುರಾ ಇಟ್ಟು ನೋಡ್ರಿ. ಮೊದಲ್ನೇ ಹಾಡು ತಂಪಗ ಅಕೌಸ್ಟಿಕ್ ಗಿಟಾರ್‌ದಾಗ ಶುರುವಾಗಿ ಒಮ್ಮೆಲೆ ಮೈಮ್ಯಾಲೆ ಬೀಳೂದು: ಅಲ್ಲಿ ಫೈಟ್ ಫೈರ್ ವಿತ್ ಫೈರ್, ಇಲ್ಲಿ ಬ್ಯಾಟರಿ. ಎರಡನೇದು ಆಲ್ಬಂ ಹೆಸರಿಂದ. ಮೂರನೇದು ನಿಧಾನಕ್ಕ ತುಳಿಯೂದು: ಫಾರ್ ಹೂಮ್ ದ ಬೆಲ್ ಟೋಲ್ಸ್, ದ ಥಿಂಗ್ ದಟ್ ಶುಡ್ ನಾಟ್ ಬಿ. ನಾಲ್ಕನೇದು ಅಳುಕಿನಿಂದ ಶುರುವಾಗಿ ಸಿಟ್ಟಿನಾಗ ಮುಗಿಯೂದು: ಫೇಡ್ ಟು ಬ್ಲ್ಯಾಕ್, ಸ್ಯಾನಿಟೇರಿಯಂ. ಕಡೀಕ ಇಲ್ಲಾ ಕಡೀದರ ಹಿಂದ ಒಂದು ಮಾತಿಲ್ಲದ ಉದ್ದಾನ ಹಾಡು: ಕಾಲ್ ಆಫ್ ಕಟುಲು, ಆರಿಯನ್.

ಅಚ್ಚು ಕಡದದ್ದು ರೈಡ್. ಮಾಸ್ಟರ್ ಅದರಾಗ ಹೊಯ್ದ ಎರಕ. ಎರಕ ಎಷ್ಟ ಛಂದ ಬಂದ್ರೂ ಅಚ್ಚಿನ ದುಡಿಮಿ ದೊಡ್ಡದು.

#4 ಕಪ್ಪುಅಂಗಿ
ಜಸ್ಟಿಸ್ ಕೂಡ ಅದೇ ಅಚ್ಚು. ಎರಡನೇದು ಆಲ್ಬಂ ಹೆಸರಿನ ಹಾಡು, ನಾಲ್ಕನೇದು ಒನ್, ಕೊನೆಯ ಹಿಂದಿನದು ಟು ಲಿವ್ ಈಸ್ ಟು ಡೈ.

#5 ಡೌನ್‌ಸ್ಟ್ರೋಕ್
ಅಚ್ಚಿನ ಮಾತು ಒಪ್ಪಿದೆ. ಆದ್ರೆ ನಿಯಮ ಏನು? ಪೂರ್ತಿ ಕೇಳ್ಬೇಕು. ರೈಡ್‌ನ ಎರಡನೇ ಬದಿಯಲ್ಲಿ ಟ್ರ್ಯಾಪ್ಡ್ ಅಂಡರ್ ಐಸ್ ಮತ್ತೆ ಎಸ್ಕೇಪ್ ಹತ್ರ ಗಾಡಿ ಎಳೆಯಲ್ಲ. ಎಸ್ಕೇಪನ್ನ ಬ್ಯಾಂಡ್‌ನವರೇ 2012ರ ತನಕ ವೇದಿಕೆ ಮೇಲೆ ಮುಟ್ಟಲಿಲ್ಲ. ಇಪ್ಪತ್ತೆಂಟು ವರ್ಷ! ಮಾಸ್ಟರ್‌ನಲ್ಲಿ ಅಂಥದ್ದು ಒಂದು ತೋರಿಸಿ.

ಇನ್ನು ಕೈಕೆಲಸ. ಮಾಸ್ಟರ್ ಹಾಡಿನ ವೇಗ ನಿಮಿಷಕ್ಕೆ ಸುಮಾರು 212 ಬೀಟ್. ಒಂದು ಬೀಟ್‌ಗೆ ಎರಡು ಹೊಡೆತ ಅಂದ್ರೆ ನಿಮಿಷಕ್ಕೆ 424, ಸೆಕೆಂಡಿಗೆ ಏಳು. ಎಲ್ಲಾ ಕೆಳಮುಖ ಹೊಡೆತ. ಜೇಮ್ಸ್ ಹೆಟ್‌ಫೀಲ್ಡ್ ಅದನ್ನ ನುಡಿಸ್ತಾ ಹಾಡ್ತಾನೂ ಇರ್ತಾನೆ. ಸ್ಟುಡಿಯೋದಲ್ಲಿ ಅದೇ ರಿದಮ್ ಮತ್ತೆ ಮತ್ತೆ ನುಡಿಸಿ ಒಂದರ ಮೇಲೊಂದು ಕೂಡಿಸಿದ್ದೂ ಅವನೊಬ್ಬನೇ. ಎಡಬಲ ಎರಡೂ ಒಂದೇ ಗೋಡೆ ಥರ ಕೇಳಿಸೋದು ಅದಕ್ಕೆ.

#6 ಹೊಸತಂತಿ
ಮೇಲೆ ಕೆಳಗೆ ಹೊಡೆದ್ರೆ ಏನಾಗುತ್ತೆ? ಸ್ವರ ಅದೇ ತಾನೆ?

#7 ಡೌನ್‌ಸ್ಟ್ರೋಕ್
ಸ್ವರ ಅದೇ, ಪೆಟ್ಟು ಬೇರೆ. ಮೇಲ್ಮುಖ ಹೊಡೆತದಲ್ಲಿ ಪಿಕ್ ತಂತಿಯನ್ನ ತೆಳ್ಳಗೆ ಸವರುತ್ತೆ, ಹಾಗಾಗಿ ಒಂದು ಗಟ್ಟಿ ಒಂದು ಮೆದು ಅಂತ ಕುದುರೆ ಕುಂಟಿದ ಹಾಗೆ ಕೇಳುತ್ತೆ. ಕೆಳಮುಖದಲ್ಲಿ ಎಲ್ಲಾ ಏಳೂ ಒಂದೇ ತೂಕ.

ಅಭ್ಯಾಸ ಮಾಡೋದಾದ್ರೆ: ಪಿಕ್‌ನ ತುದಿ 2-3 ಮಿಲಿಮೀಟರ್ ಮಾತ್ರ ಬೆರಳಿಂದ ಹೊರಗಿರಲಿ. ಅಂಗೈ ಅಂಚು ಬ್ರಿಜ್ ಮೇಲೆ ಕೂತಿರಲಿ, ತಂತಿ ಮೇಲೆ ಮುಂದಕ್ಕೆ ಬಂದ್ರೆ ಸ್ವರ ಸತ್ತೇ ಹೋಗುತ್ತೆ. ಮಣಿಕಟ್ಟಿಂದ ಹೊಡೀರಿ, ಮೊಣಕೈಯಿಂದಲ್ಲ. ಮೆಟ್ರೊನೋಮ್ 140ರಲ್ಲಿ ಶುರು ಮಾಡಿ, ಒಂದು ನಿಮಿಷ ತಡವರಿಸದೆ ಬಂದ್ರೆ ಮಾತ್ರ 5 ಏರಿಸಿ. 180ರ ಹತ್ರ ಮುಂಗೈ ಕಲ್ಲಾಗುತ್ತೆ. ಆಗ ನಿಲ್ಲಿಸಿ, ಹಟ ಮಾಡಿದ್ರೆ ಮೊಣಕೈಯ ಸ್ನಾಯುರಜ್ಜು ನೋವು ತಿಂಗಳುಗಟ್ಟಲೆ ಕಾಡುತ್ತೆ. ಬಹಳ ಜನ ಎಡವೋದು ಇಲ್ಲೇ: ವೇಗ ಸಾಲದು ಅಂತ ಪಿಕ್ಕನ್ನ ಇನ್ನೂ ಬಿಗಿಯಾಗಿ ಹಿಡೀತಾರೆ, ಬಿಗಿ ಹಿಡಿದಷ್ಟೂ ವೇಗ ಇಳಿಯುತ್ತೆ.

#8 ತಾಳಪ್ರಿಯ
ಅದೇ ಹಾಡಿನ ಚರಣದಲ್ಲಿ ನಾಲ್ಕನೇ ಸುತ್ತಿಗೆ ಒಂದು ಮೊಟಕು ಅಳತೆ ಬರುತ್ತೆ, 5/8 (ಅರ್ಧ ಬೀಟಿನ ಐದು ಎಣಿಕೆ). ಅದನ್ನ ತಾಳ ಹಾಕಿ ಎಣಿಸದೆ ನುಡಿಸಿದವರೆಲ್ಲ ಅಲ್ಲೇ ಬೀಳ್ತಾರೆ.

#9 ಬೇಸ್‌ಬೀಗ
5/8 ಅನ್ನೋದು ಪುಸ್ತಕದ ಲೆಕ್ಕ ಸರ್. ಕೊನೆಯ ತುಂಡು ನೇರ ಎಂಟನೇ ಭಾಗದ ಮೇಲೆ ಕೂರಲ್ಲ, ಕೂದಲೆಳೆಯಷ್ಟು ಆಚೀಚೆ. 21/32 ಅಂತ ಬರೆದವರೂ ಇದ್ದಾರೆ. ಬ್ಯಾಂಡ್‌ನವರು ಎಣಿಸಿ ಮಾಡಿದ್ದಲ್ಲ ಅನ್ಸುತ್ತೆ, ಕೈಗೆ ಬಂದಿದ್ದು. ಖಂಡಛಾಪು ಲೆಕ್ಕದವರು ಇಲ್ಲಿ ಕೈ ಚೆಲ್ಲಬೇಕು.

#10 ತಾಳಪ್ರಿಯ
ಕೈ ಚೆಲ್ಲಲ್ಲ. 5/8 ಅಂತ ಹಿಡಿದು ನುಡಿಸಿದ್ರೆ ರೆಕಾರ್ಡಿನ ಜೊತೆ ಕೂರುತ್ತೆ, ಅಷ್ಟು ಸಾಕು.

#11 ಬೇಸ್‌ಬೀಗ
ಕೂರಲ್ಲ, ಜಾರುತ್ತೆ. ವೇಗ ಅರ್ಧಕ್ಕಿಳಿಸಿ ಕೇಳಿ. ಇರಲಿ, ಈಗ ಜಸ್ಟಿಸ್‌ಗೆ ಬರ್ತೀನಿ, #1ರ ಪ್ರಶ್ನೆ ಅದೇ.

ಬೇಸ್ "ಇಲ್ಲ" ಅನ್ನೋದು ತಪ್ಪು. ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ಪೂರ್ತಿ ಆಲ್ಬಂ ನುಡಿಸಿದ್ದಾನೆ, ಬ್ಲ್ಯಾಕನ್ಡ್ ಹಾಡಿನ ರಚನೆಯಲ್ಲಿ ಅವನ ಹೆಸರೂ ಇದೆ. ಆಗಿದ್ದು ಮೂರು ಸೇರಿ. ಒಂದು, ಅವನು ಬಹುತೇಕ ಜೇಮ್ಸ್‌ನ ರಿಫ್ಫನ್ನೇ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಒಂದು ಸ್ಥಾಯಿ ಕೆಳಗೆ ಹಾಗೇ ನುಡಿಸಿದ. ಅವನಿಗಿಂತ ಮೊದಲು ಬೇಸ್ ನುಡಿಸ್ತಿದ್ದ ಕ್ಲಿಫ್ ಬರ್ಟನ್ ಹಾಗೆ ಮಾಡ್ತಿರಲಿಲ್ಲ, ಅವನದ್ದು ಗಿಟಾರ್ ಸುತ್ತ ಬೇರೆ ದಾರಿ. ಎರಡು, ಜೇಮ್ಸ್‌ನ ಗಿಟಾರ್‌ನಲ್ಲಿ ನಡು ಸ್ವರಗಳನ್ನ ಅಗೆದು ತೆಗೆದು, ತಳ ಮತ್ತೆ ಮೇಲ್ತುದಿ ಎರಡನ್ನೂ ಉಬ್ಬಿಸಿದ್ದಾರೆ. ಗಿಟಾರ್‌ನ ದಪ್ಪ ತಂತಿ 82 ಹರ್ಟ್ಸ್, ಬೇಸ್‌ದು 41. ಬೇಸ್‌ನ ಮೊದಲ ಮೇಲ್ಸ್ವರ ಬೀಳೋದೂ ಸರಿಯಾಗಿ 82ರ ಮೇಲೆ. ಆ ಜಾಗ ಆಗಲೇ ಗಿಟಾರ್ ಪಾಲು. ಮೂರು, ಮಿಕ್ಸಿಂಗ್ (ಎಲ್ಲಾ ವಾದ್ಯ ಹೊಂದಿಸಿ ಕೂಡಿಸೋ) ಹೊತ್ತಲ್ಲಿ ಬೇಸ್‌ನ ಸದ್ದು ಇಳಿಸಿದ್ದು. ಮಿಕ್ಸ್ ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕೆಲ್ ಬಾರ್ಬಿಯೆರೊ, ರಾಸ್ಮುಸೆನ್ ಅಲ್ಲ. ಬೇಸ್ ಇಳಿಸು ಅಂದಿದ್ದು ಡ್ರಮ್ಮರ್ ಲಾರ್ಸ್ ಉಲ್ರಿಕ್ ಅಂತ ಥಾಂಪ್ಸನ್ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ರಾಸ್ಮುಸೆನ್ ಹೇಳೋದೂ ಅದೇ: ಜೇಸನ್ ನುಡಿಸಿದ್ದು ಚೆನ್ನಾಗೇ ಇತ್ತು.

ಅಂದ್ರೆ ಇದು ಕೈತಪ್ಪಿ ಆಗಿದ್ದಲ್ಲ, ಬ್ಯಾಂಡ್ ಬೇಕಂತ್ಲೇ ತಗೊಂಡ ತೀರ್ಮಾನ. ಹಾಡು ಬರೆದವರೇ ಹಾಗೆ ಮಾಡಿಸಿದ್ರು ಅಂದ್ಮೇಲೆ ಅಂಕ ಕಳೀಲೇಬೇಕು.

#12 ಹೊಸತಂತಿ
ಫೋನಲ್ಲಿ ಈಕ್ವಲೈಸರ್ ಇದೆಯಲ್ಲ, ಬೇಸ್ ಏರಿಸಿದ್ರೆ ಆಯ್ತು.

#13 ಬೇಸ್‌ಬೀಗ
ಆಗಲ್ಲ. 60 ಹರ್ಟ್ಸ್ ಏರಿಸಿದ್ರೆ ಮೊದಲು ಉಬ್ಬೋದು ಕಿಕ್ ಡ್ರಮ್. 100 ಏರಿಸಿದ್ರೆ ಗಿಟಾರ್‌ನ ಧಮ್‌ಧಮ್ ಉಬ್ಬುತ್ತೆ. ಬೇಸ್ ಅವೆರಡರ ನಡುವೆ ಹೂತುಹೋಗಿದೆ, ಹೂತ ಜಾಗಕ್ಕೆ ಇನ್ನೊಂದು ಬುಟ್ಟಿ ಮಣ್ಣು ಹಾಕಿದ ಹಾಗಾಗುತ್ತೆ. ಸ್ವಲ್ಪ ಉಪಯೋಗ ಆಗೋದು ಉಲ್ಟಾ ಮಾಡಿದ್ರೆ: 100ರಿಂದ 150ರ ನಡುವೆ 3 ಡೆಸಿಬೆಲ್ ಇಳಿಸಿ, 700-800ರಲ್ಲಿ 2 ಏರಿಸಿ. ಪಿಕ್ ತಂತಿಗೆ ತಾಗೋ ಟಕಟಕ ಅಲ್ಲಲ್ಲಿ ತಲೆ ಎತ್ತುತ್ತೆ.

ಈ ಹಾಡುಗಳಲ್ಲಿ ಜೇಸನ್ ಏನು ನುಡಿಸ್ತಿದ್ದ ಅಂತ ಗೊತ್ತಾಗಬೇಕಾದ್ರೆ 1989ರ ಸಿಯಾಟಲ್ ಕಛೇರಿ ಕೇಳಿ, 1993ರ ಲೈವ್ ಪೆಟ್ಟಿಗೆಯಲ್ಲಿ ಬಂದಿದೆ. ಅಲ್ಲಿ ಬೇಸ್ ಎದೆಗೆ ಬಡಿಯುತ್ತೆ.

#14 ಧಾರವಾಡರಿಫ್
2018ರಾಗ ಜಸ್ಟಿಸ್ ಮತ್ತ ತಂದ್ರಲ್ರಿ, ಆಗರೆ ಸರಿ ಮಾಡಬೇಕಿತ್ತು.

#15 ಅಲೆಚಪ್ಪಟೆ
ಅದು ರೀಮಾಸ್ಟರ್, ರೀಮಿಕ್ಸ್ ಅಲ್ಲ. ಮಾಸ್ಟರಿಂಗ್ ಅಂದ್ರೆ ಕೂಡಿಸಿ ಮುಗಿದ ಎಡ, ಬಲ ಎರಡು ಚಾನೆಲ್‌ನ ಟೇಪ್ ಮೇಲೆ ಕೆಲಸ. ಬಿಸಿಬೇಳೆಬಾತ್ ಆದ್ಮೇಲೆ ಬೇಳೆ ಮಾತ್ರ ಜಾಸ್ತಿ ಮಾಡು ಅಂದ್ರೆ ಹೇಗೆ? ಬೇಸ್ ಏರಿಸಬೇಕಾದ್ರೆ ಬಿಡಿ ಬಿಡಿ ಟ್ರ್ಯಾಕಿನ ಟೇಪಿಗೇ ಹೋಗಬೇಕು. ಅಭಿಮಾನಿಗಳು ಜಾಲದಲ್ಲಿ ಹರಿಬಿಟ್ಟ "ಜೇಸನ್‌ಗೆ ನ್ಯಾಯ" ಥರದ ಮಿಕ್ಸ್‌ಗಳಲ್ಲಿ ಕೆಲವಕ್ಕೆ ಬಿಡಿ ಟ್ರ್ಯಾಕು ಸಿಕ್ಕಿದ್ದು ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮ್‌ನಿಂದ, ಮಿಕ್ಕವರು ತಾವೇ ಬೇಸ್ ನುಡಿಸಿ ಸೇರಿಸಿದ್ದಾರೆ. ಯಾವುದರಲ್ಲಿ ಜೇಸನ್ ಇದ್ದಾನೆ ಯಾವುದರಲ್ಲಿ ಇಲ್ಲ ಅಂತ ನೋಡಿ ಕೇಳಿ.

#16 ಕಡಲತಡಿ
ನೀವು ಎಲ್ಲರೂ ಎಂಬತ್ತರ ದಶಕದಲ್ಲೇ ಗೂಟ ಹೊಡ್ಕೊಂಡು ಕೂತಿದ್ದೀರಿ ಮಾರಾಯ್ರೆ. ಲೋಡ್ ಏಳರಲ್ಲಿ ಯಾಕೆ ಅಂತ ಒಬ್ಬರಾದ್ರೂ ಕೇಳಿದ್ರಾ?

1996ರ ಲೋಡ್‌ನಲ್ಲಿ ಮೊದಲ ಸಲ ಸೋಲೋ ಗಿಟಾರಿನ ಕರ್ಕ್ ಹ್ಯಾಮೆಟ್ ಕೂಡ ರಿದಮ್ ನುಡಿಸಿದ್ದು. ಅಲ್ಲಿಯ ತನಕ ರಿದಮ್ ಎಲ್ಲ ಜೇಮ್ಸ್ ಒಬ್ಬನದ್ದೇ. ಇಯರ್‌ಫೋನ್ ಒಂದು ಬದಿ ತೆಗೆದು ಕೇಳಿ, ಆಮೇಲೆ ಇನ್ನೊಂದು ಬದಿ. ಎರಡು ಬೇರೆ ಬೇರೆ ಗಿಟಾರ್ ಮಾತಾಡುದು ಗೊತ್ತಾಗ್ತದೆ. ಟ್ಯೂನಿಂಗ್ ಅರ್ಧ ಸ್ವರ ಇಳಿಸಿದ್ರಿಂದ ಜೇಮ್ಸ್‌ನ ಗಂಟಲು ಆರಾಮಾಗಿ ಹಾಡಿದೆ. ಬ್ಲೀಡಿಂಗ್ ಮಿ ಎಂಟು ನಿಮಿಷ ಹೇಗೆ ಕಟ್ಟಿದ್ದಾರೆ ನೋಡಿ, ಅವಸರವೇ ಇಲ್ಲ.

ತಪ್ಪು ಎಂತದ್ದು ಅಂದ್ರೆ ಉದ್ದ. 14 ಹಾಡು, 79 ನಿಮಿಷ. ಸಿಡಿಯಲ್ಲಿ ಜಾಗ ಸಾಲದೆ ದ ಔಟ್‌ಲಾ ಟಾರ್ನ್‌ನ ಬಾಲವನ್ನೇ ಕತ್ತರಿಸಿದ್ರು! ಪೂರ್ತಿ ಬೇಕಾದ್ರೆ ದ ಮೆಮರಿ ರಿಮೇನ್ಸ್ ಸಿಂಗಲ್‌ನಲ್ಲಿ ಉಂಟು, ಹತ್ತು ನಿಮಿಷ ದಾಟ್ತದೆ. ಹತ್ತು ಅಂಕದ ಹಾಡು ಉಳಿಸ್ಲಿಕ್ಕೆ ಒಂಬತ್ತು ಅಂಕದ ಹಾಡು ಒಂದು ಬಿಟ್ಟಿದ್ರೆ ಆಗ್ತಿತ್ತು.

#17 ಡೌನ್‌ಸ್ಟ್ರೋಕ್
ಲೋಡ್ ಕೇಳೋಕೆ ಒಳ್ಳೇ ಆಲ್ಬಮ್ಮೇ. ಮೆಟಲ್ ಆಲ್ಬಂ ಅಲ್ಲ ಅಷ್ಟೇ.

#18 ಕಡಲತಡಿ
ಮೆಟಲ್ ಅಲ್ಲ ಅಂತ ಶೀರ್ಷಿಕೆಯಲ್ಲಿ ಎಲ್ಲಿ ಉಂಟು? ಮೆಟಾಲಿಕಾದ ಆಲ್ಬಂ ಅಂತ ಉಂಟು.

ಲೋಡ್ ರೀಲೋಡ್ ಎರಡನ್ನೂ ಸೋಸಿ ಒಂದು ಮಾಡಿ ನೋಡಿ: ಫ್ಯೂಯೆಲ್, ಕಿಂಗ್ ನಥಿಂಗ್, ಅಂಟಿಲ್ ಇಟ್ ಸ್ಲೀಪ್ಸ್, ದ ಮೆಮರಿ ರಿಮೇನ್ಸ್, ಬ್ಲೀಡಿಂಗ್ ಮಿ, ಹೀರೋ ಆಫ್ ದ ಡೇ, ಲೋ ಮ್ಯಾನ್ಸ್ ಲಿರಿಕ್, ಫಿಕ್ಸರ್, ಕೊನೆಗೆ ದ ಔಟ್‌ಲಾ ಟಾರ್ನ್. ಒಂಬತ್ತು ಹಾಡು, ಸುಮಾರು 57 ನಿಮಿಷ. ಇದೇ ಕ್ರಮದಲ್ಲಿ ಕೇಳಿ ಬಂದು ಮತ್ತೆ ಬೈಯಿರಿ.

#19 ತಮಟೆಪೆಟ್ಟು
ಫಿಕ್ಸರ್ ಅಂದ ಒಂದೇ ಕಾರಣಕ್ಕೆ ನಿಮಗೆ ನಮಸ್ಕಾರ ಮೇಡಂ. ರೀಲೋಡಿನ ಬುಡದಲ್ಲಿ ಬಿದ್ದಿರೋ ಆ ಎಂಟು ನಿಮಿಷ ಯಾರೂ ಕೇಳಲ್ಲ.

#20 ರೇಡಿಯೋಕಿವಿ
ಹಳೇ ಆಲ್ಬಂ ಚೆನ್ನಾಗಿರೋಕೆ ಕಾರಣ ಕರ್ಕ್‌ಗಿಂತ ಮೊದಲಿದ್ದ ಗಿಟಾರಿಸ್ಟ್ ಡೇವ್ ಮಸ್ಟೇನ್. ಮೊದಲ ಮೂರೂ ಅವನೇ ಬರೆದಿದ್ದು. ಅವನು ಹೋದ್ಮೇಲೆ ಕಥೆ ಮುಗೀತು.

#21 ಕಪ್ಪುಅಂಗಿ
ಇಲ್ಲ. ಅವನನ್ನ ತೆಗೆದದ್ದು 1983ರ ಏಪ್ರಿಲ್‌ನಲ್ಲಿ, ಕಿಲ್ ಎಮ್ ಆಲ್ ಬಂದದ್ದೇ ಆ ಜುಲೈನಲ್ಲಿ. ಅದರಲ್ಲಿ ಅವನ ಹೆಸರಿರೋದು ನಾಲ್ಕು ಹಾಡಿಗೆ: ದ ಫೋರ್ ಹಾರ್ಸ್‌ಮೆನ್, ಜಂಪ್ ಇನ್ ದ ಫೈರ್, ಫ್ಯಾಂಟಮ್ ಲಾರ್ಡ್, ಮೆಟಲ್ ಮಿಲಿಷಿಯಾ. ರೈಡ್‌ನಲ್ಲಿ ಎರಡು: ಆಲ್ಬಂ ಹೆಸರಿನ ಹಾಡು, ಮತ್ತೆ ಕಟುಲು. ಮಾಸ್ಟರ್‌ನಲ್ಲಿ ಸೊನ್ನೆ. ಲೆಪರ್ ಮೆಸ್ಸಯಾದಲ್ಲಿ ತನ್ನ ರಿಫ್ ಇದೆ ಅಂತ ಅವನು ಹೇಳ್ಕೊಂಡಿದ್ದಾನೆ, ಹೆಸರು ಹಾಕಿಲ್ಲ.

ಹಾರ್ಸ್‌ಮೆನ್ ಮೂಲ ರೂಪ ಕೇಳಬೇಕಾ? ಅವನು ಆಮೇಲೆ ಕಟ್ಟಿದ ಮೆಗಾಡೆತ್‌ನ 1985ರ ಮೊದಲ ಆಲ್ಬಮ್ಮಲ್ಲಿ ಮೆಕ್ಯಾನಿಕ್ಸ್ ಅಂತ ಇದೆ. ವೇಗ ಜಾಸ್ತಿ, ನಡುವಿನ ನಿಧಾನದ ಭಾಗ ಇಲ್ಲ. ನನ್ನ ಮಟ್ಟಿಗೆ ಆ ನಡುವಿನ ಭಾಗಾನೇ ಹಾಡಿನ ಜೀವ.

#22 ಧಾರವಾಡರಿಫ್
ಕರ್ಕ್ ಬರೂಮುಂದ ತನ್ನ ಹಳೇ ಬ್ಯಾಂಡ್ ಎಕ್ಸೊಡಸ್‌ದಿಂದ ಗಂಟು ಕಟಗೊಂಡ ಬಂದಾನ ಮತ್ತ. ಕ್ರೀಪಿಂಗ್ ಡೆತ್ ನಡುವಿನ ಕೂಗಿನ ಭಾಗ ಎಕ್ಸೊಡಸ್‌ನ ಹಳೇ ಹಾಡಿಂದು. ಟ್ರ್ಯಾಪ್ಡ್ ಅಂಡರ್ ಐಸ್ ರಿಫ್ಫೂ ಅಲ್ಲಿಂದನ.

#23 ಡೌನ್‌ಸ್ಟ್ರೋಕ್
ನೋಡಿ, ಅಚ್ಚು ಕಡೆದದ್ದು ರೈಡ್ ಅಂದ್ರಿ, ಈಗ ಮರ ಎರವಲು ತಂದಿದ್ದು ಅಂತೀರಿ.

#24 ಧಾರವಾಡರಿಫ್
ಮರ ಯಾರದರೆ ಇರಲಿ, ಉಳಿ ಇವರದ ಐತಿ.

#25 ಹೊಸತಂತಿ
ರೈಡ್ ಜೊತೆ ನುಡಿಸೋಕೆ ಕೂತ್ರೆ ಯಾವಾಗ್ಲೂ ಅಪಸ್ವರ. ಟ್ಯೂನರ್ ಸರಿ ಅಂತಿದೆ. ಯಾಕೆ?

#26 ಡೌನ್‌ಸ್ಟ್ರೋಕ್
ಟ್ಯೂನರ್ ತಪ್ಪಲ್ಲ, ರೆಕಾರ್ಡೇ 440 ಹರ್ಟ್ಸ್‌ನ ಮಾಮೂಲಿ ಶ್ರುತಿಗಿಂತ ಸ್ವಲ್ಪ ಮೇಲೆ ಕೂತಿದೆ. ಟ್ಯೂನರಿನಲ್ಲಿ ಕ್ಯಾಲಿಬ್ರೇಷನ್ ಅಂತ ಇರುತ್ತೆ. 441, 442 ಅಂತ ಒಂದೊಂದೇ ಏರಿಸಿ, ಪ್ರತೀ ಸಲ ದಪ್ಪ ತಂತಿ ಶ್ರುತಿ ಮಾಡಿ ಬೆಲ್ ಟೋಲ್ಸ್ ಜೊತೆ ಹಿಡಿದು ನೋಡಿ. "ವಾಂವ್ ವಾಂವ್" ಅಂತ ಅಲೆ ನಿಧಾನ ಆಗ್ತಾ ಬಂದು ನಿಂತ್ರೆ ಅದೇ ಜಾಗ. ಆಮೇಲೆ ಮಿಕ್ಕ ಐದು.

ಹಾಗೇ ಇನ್ನೊಂದು: ಬೆಲ್ ಟೋಲ್ಸ್ ಶುರುವಲ್ಲಿ ಗಂಟೆ ಆದ್ಮೇಲೆ ಕೊಸರಾಡ್ತಾ ಬರೋದು ಗಿಟಾರ್ ಅಲ್ಲ, ಕ್ಲಿಫ್‌ನ ಬೇಸ್. ಡಿಸ್ಟಾರ್ಷನ್ ಹಾಕಿದ್ದಾನೆ. ಗಿಟಾರ್‌ನಲ್ಲಿ ಅದನ್ನ ಹುಡುಕಿ ಹುಡುಕಿ ಸೋತವರು ಬಹಳ ಜನ.

#27 ತಮಟೆಪೆಟ್ಟು
ಸೇಂಟ್ ಆ್ಯಂಗರ್ ಹನ್ನೊಂದರಲ್ಲಿ ಇರೋದಕ್ಕೆ ತಕರಾರಿಲ್ಲ, ಕಾರಣ ಸರಿಯಾಗಿ ಹೇಳಿ. "ತಗಡು ಡಬ್ಬ" ಅಂತ ಎಲ್ಲರೂ ನಗ್ತಾರೆ, ಯಾಕೆ ಹಾಗೆ ಕೇಳುತ್ತೆ ಅಂತ ಹೇಳಲ್ಲ.

ಸ್ನೇರ್ ಡ್ರಮ್ಮಿನ ತಳದ ಚರ್ಮಕ್ಕೆ ಒಂದಿಷ್ಟು ಸುರುಳಿ ತಂತಿ ತಾಗ್ಕೊಂಡಿರುತ್ತೆ. ಪಕ್ಕದಲ್ಲಿ ಒಂದು ಸನ್ನೆಗೋಲು. ಮೇಲಿದ್ರೆ ತಂತಿ ತಾಗಿ "ಛಟ್" ಅನ್ನುತ್ತೆ, ಕೆಳಗೆ ಬಿಟ್ರೆ ತಂತಿ ಜೋತು ಬಿದ್ದು "ಟಾಂಗ್" ಅನ್ನುತ್ತೆ. ಲಾರ್ಸ್ ಕೆಳಗೆ ಬಿಟ್ಟು ಆಲ್ಬಂ ಪೂರ್ತಿ ನುಡಿಸಿದ್ದಾನೆ. ತಂತಿ ಇದ್ದಾಗ ಸದ್ದಿಗೆ ನಿರ್ದಿಷ್ಟ ಶ್ರುತಿ ಇರಲ್ಲ, ಗಿಟಾರ್ ಜೊತೆ ಹೊಂದ್ಕೊಂಡು ಹೋಗುತ್ತೆ. ತಂತಿ ತೆಗೆದ್ರೆ ಡೋಲಿಗೆ ಅದರದ್ದೇ ಒಂದು ಶ್ರುತಿ ಬರುತ್ತೆ, ಕಂಪನವೂ ಉದ್ದ. ಗಿಟಾರ್ ಸಿ ಗೆ ಇಳಿಸಿದ್ದಾರೆ, ಡೋಲು ತನ್ನ ಪಾಡಿಗೆ ಇನ್ನೊಂದು ಸ್ವರದಲ್ಲಿ ಕೂಗ್ತಿದೆ. 75 ನಿಮಿಷ! ಒಂದು ಹಾಡಲ್ಲಿ ಮಾಡಿದ್ರೆ ರುಚಿ, ಹನ್ನೊಂದರಲ್ಲೂ ಮಾಡಿದ್ರೆ ಶಿಕ್ಷೆ. ಚರ್ಮದ ಅಂಚಿಗೆ ಎರಡು ತುಂಡು ಟೇಪ್ ಅಂಟಿಸಿದ್ರೂ ಅರ್ಧ ಕಂಪನ ಸತ್ತಿರ್ತಿತ್ತು.

#28 ಅಲೆಚಪ್ಪಟೆ
ಅದರ ಜೊತೆ ಬಂದ ಡಿವಿಡಿ ನೋಡಿ. ಅದೇ ಹನ್ನೊಂದು ಹಾಡು ರಿಹರ್ಸಲ್ ಕೋಣೆಯಲ್ಲಿ ನುಡಿಸಿದ್ದು, ಬೇಸ್ ರಾಬರ್ಟ್ ಟ್ರುಹಿಯೋ. ಸಿಡಿಯಲ್ಲಿ ಬೇಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಡಿವಿಡಿ ಕೇಳಿದ್ರೆ ಹಾಡಿಗೆ ಹತ್ತರಲ್ಲಿ ಐದಾದ್ರೂ ಕೊಡಬಹುದು.

#29 ರೇಡಿಯೋಕಿವಿ
ಗಿಟಾರ್ ಸೋಲೋನೇ ಇಲ್ಲ. ಐದು ಯಾಕೆ?

#30 ಹೊಸತಂತಿ
ಸಿ ಗೆ ಇಳಿಸೋದು ಅಂದ್ರಿ, ನನ್ನ ಗಿಟಾರ್‌ನಲ್ಲಿ ಇಳಿಸಿದ್ರೆ ತಂತಿ ಹಗ್ಗದ ಥರ ಜೋಲ್ತಿದೆ.

#31 ಡೌನ್‌ಸ್ಟ್ರೋಕ್
09 ಅಥವಾ 10ರ ತೆಳು ತಂತಿ ಸೆಟ್ ಇರಬೇಕು. ಆ ಆಲ್ಬಮ್ಮಿನ ಹೆಚ್ಚಿನ ಹಾಡು ದಪ್ಪದಿಂದ ತೆಳುಗೆ ಸಿ ಜಿ ಸಿ ಎಫ್ ಎ ಡಿ. ದಪ್ಪ ತಂತಿ ನಾಲ್ಕು ಅರ್ಧಸ್ವರ ಇಳಿದಿದೆ, ಮಿಕ್ಕಿದ್ದು ಎರಡೆರಡು. 11ರಿಂದ 54ರ ಸೆಟ್ ಹಾಕಿ. ತಂತಿ ದಪ್ಪ ಆದಾಗ ನಟ್‌ನ (ಗಿಟಾರ್ ಕತ್ತಿನ ತುದಿಯ ಪಟ್ಟಿ) ಕಚ್ಚಿನಲ್ಲಿ ಕೂರದಿರಬಹುದು, ಮೇಲಕ್ಕೆ ಎದ್ದು ನಿಂತ್ರೆ ಕಚ್ಚು ಅರ ಹಾಕಿ ಅಗಲ ಮಾಡಬೇಕು, ಅದನ್ನ ರಿಪೇರಿಯವರಿಗೇ ಬಿಡಿ. ತೇಲೋ ಬ್ರಿಜ್ ಇದ್ರೆ ಹಿಂದಿನ ಸ್ಪ್ರಿಂಗ್ ಬಿಗಿ ಕೂಡ ಹೊಂದಿಸಬೇಕು, ಇಲ್ಲದಿದ್ರೆ ಒಂದು ತಂತಿ ಶ್ರುತಿ ಮಾಡಿದ್ರೆ ಇನ್ನೈದು ಓಡಿಹೋಗ್ತವೆ. ಕೊನೆಗೆ 12ನೇ ಫ್ರೆಟ್‌ನಲ್ಲಿ ಇಂಟೊನೇಷನ್ (ಅಲ್ಲೂ ಶ್ರುತಿ ಸರಿ ಇದೆಯಾ ಅಂತ) ನೋಡಿ.

#32 ಅಲೆಚಪ್ಪಟೆ
ಡೆತ್ ಮ್ಯಾಗ್ನೆಟಿಕ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನೇ ಶುರು ಮಾಡ್ತೀನಿ.

2008, ನಿರ್ಮಾಪಕ ರಿಕ್ ರೂಬಿನ್. ಸಿಡಿಯ ಹಾಡು ಒಂದನ್ನ ಆಡಾಸಿಟಿ ಅನ್ನೋ ಧ್ವನಿ ಸಾಫ್ಟ್‌ವೇರಿನಲ್ಲಿ ತೆರೀರಿ, ವ್ಯೂ ಮೆನುವಿನಲ್ಲಿ ಕ್ಲಿಪಿಂಗ್ ತೋರಿಸು ಅಂತ ಒತ್ತಿ. ಪರದೆ ಕೆಂಪು ಕೆಂಪು. ಹತ್ತಿರಕ್ಕೆ ಹಿಗ್ಗಿಸಿದ್ರೆ ಅಲೆಯ ನೆತ್ತಿ ಗುಡ್ಡದ ಹಾಗಿಲ್ಲ, ಬುಲ್ಡೋಜರ್ ಆಡಿಸಿದ ಹಾಗೆ ಸಪಾಟು. ಸದ್ದು ಜೋರಾಗಿರಲಿ ಅಂತ ತುಂಬಿದ್ದಾರೆ, ಪಾತ್ರೆ ತುಂಬಿದ ಮೇಲೂ ಸುರಿದಿದ್ದಾರೆ. ಚಪ್ಪಟೆಯಾದ ನೆತ್ತಿ ಹೊಸ ಕರ್ಕಶ ಸ್ವರ ಹುಟ್ಟಿಸುತ್ತೆ, ಸ್ನೇರ್ ಬಿದ್ದಾಗಲೆಲ್ಲ "ಚರ್" ಅನ್ನೋದು ಅದೇ. ಡೈನಾಮಿಕ್ ರೇಂಜ್ (ಜೋರು ಮತ್ತು ಮೆಲುದನಿಯ ಅಂತರ) ಅಳತೆಯಲ್ಲಿ ಇದಕ್ಕೆ ಸಿಗೋದು 3.

ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ತಾನಲ್ಲ ಅಂತ ಹೇಳಿದ್ರು, ತನ್ನ ಕೈಗೆ ಬರುವಾಗ್ಲೇ ಮಿಕ್ಸ್ ಹಾಗೆ ಜಜ್ಜಿಹೋಗಿತ್ತು ಅಂತ. ಗಿಟಾರ್ ಹೀರೋ ಆಟಕ್ಕೆ ಕೊಟ್ಟ ಪ್ರತಿಯಲ್ಲಿ ಈ ಜಜ್ಜು ಇರಲಿಲ್ಲ. ಅಭಿಮಾನಿಗಳು ಅದನ್ನ ಸಿಡಿ ಪಕ್ಕ ಇಟ್ಟು ನೋಡಿದಾಗಲೇ ಗಲಾಟೆ ಎದ್ದಿದ್ದು.

ಹಾಗಾಗಿ #1ಕ್ಕೆ ನನ್ನ ಉತ್ತರ: ಎರಡೂ ಒಂದೇ ತಪ್ಪಲ್ಲ. ಜಸ್ಟಿಸ್‌ನಲ್ಲಿ ಒಂದು ವಾದ್ಯ ಕಾಣೆಯಾಗಿದೆ, ಉಳಿದದ್ದು ಸ್ವಚ್ಛ. ಕಿವಿ ದಣಿಯಲ್ಲ, 65 ನಿಮಿಷವೂ ಕೇಳಬಹುದು. ಡೆತ್ ಮ್ಯಾಗ್ನೆಟಿಕ್‌ನಲ್ಲಿ ಎಲ್ಲಾ ವಾದ್ಯ ಇವೆ, ಎಲ್ಲವೂ ಕೆಟ್ಟಿವೆ, ಅರ್ಧ ಗಂಟೆಗೆ ತಲೆ ಭಾರ. ಅಂಕ ಕಳೆಯೋದಾದ್ರೆ ಎರಡನೇದಕ್ಕೆ ಜಾಸ್ತಿ.

#33 ರೇಡಿಯೋಕಿವಿ
ಈಗ ಆ್ಯಪ್‌ನಲ್ಲಿ ಕೇಳಿದ್ರೆ ಎಲ್ಲಾ ಹಾಡೂ ಒಂದೇ ಸದ್ದಿಗೆ ಬರುತ್ತಲ್ಲ, ಸರಿಹೋಯ್ತು.

#34 ಅಲೆಚಪ್ಪಟೆ
ಸದ್ದು ಇಳಿಸ್ತಾರೆ ಅಷ್ಟೇ, ಕತ್ತರಿಸಿದ ನೆತ್ತಿ ಮತ್ತೆ ಬೆಳೆಯಲ್ಲ. ಇನ್ನೂ ತಮಾಷೆ ಅಂದ್ರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಾಗ, ಜೋರಾಗಿರಲಿ ಅಂತ ಜಜ್ಜಿದ ಆಲ್ಬಮ್ಮೇ ಪಕ್ಕದ ಮಾಸ್ಟರ್‌ಗಿಂತ ಸಣ್ಣದಾಗಿ, ಸಪ್ಪೆಯಾಗಿ ಕೇಳುತ್ತೆ. 2015ರಲ್ಲಿ ಐಟ್ಯೂನ್ಸ್‌ಗೆ ಅಂತ ಬಂದ ಮಾಸ್ಟರಿಂಗ್ ಪರವಾಗಿಲ್ಲ. ಅದನ್ನ ಹುಡುಕಿ.

#35 ಧಾರವಾಡರಿಫ್
ಆಲ್ ನೈಟ್‌ಮೇರ್ ಲಾಂಗ್ ಮಾತ್ರ ಜಜ್ಜಿದ್ರೂ ಸಾಯೂದಿಲ್ಲ ನೋಡ್ರಿ.

#36 ಕಪ್ಪುಅಂಗಿ
ಅದು ಹೌದು.

#37 ಮೂಲೆಮನೆ
2011ರ ಅಕ್ಟೋಬರ್ 30, ಬೆಂಗಳೂರು ಅರಮನೆ ಮೈದಾನ. ಗುರುಗ್ರಾಮದ ಕಾರ್ಯಕ್ರಮ ರದ್ದಾಗಿ ಎರಡೇ ದಿನ ಆಗಿತ್ತು. ಮಾರನೇ ದಿನ ಲುಲು ಬಿಡುಗಡೆ. ಬೆಂಗಳೂರಿನವರು ಒಂದು ದಿನ ಮೊದಲೇ ನೋಡಿಬಿಟ್ಟದ್ದು ಪುಣ್ಯ.

#38 ರೇಡಿಯೋಕಿವಿ
ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ 2007ರಲ್ಲೇ ಅದೇ ಮೈದಾನಕ್ಕೆ ಬಂದಿದ್ರು. ಮೇಡನ್ ಮುಂದೆ ಇವರೆಲ್ಲ...

#39 ಕಪ್ಪುಅಂಗಿ
ಮೇಡನ್‌ಗೆ ಬೇರೆ ಚರ್ಚೆ ತೆಗೀರಿ, ಇಲ್ಲಿ ಹಚ್ಚಬೇಡಿ ಪ್ಲೀಸ್.

#40 ಕಡಲತಡಿ
ಹಾರ್ಡ್‌ವೈರ್ಡ್ ಆರರಲ್ಲಿ ಹೇಗೆ? 77 ನಿಮಿಷ ಎರಡು ಸಿಡಿ. ಒಂದೇ ಸಿಡಿಯಲ್ಲಿ ಹಿಡಿಸ್ತಿತ್ತು. ಎರಡನೇ ಸಿಡಿಯಲ್ಲಿ ಕೊನೆಯ ಹಾಡು ಬಿಟ್ರೆ ಎಲ್ಲ ಒಂದೇ ನಡಿಗೆ.

#41 ಕಪ್ಪುಅಂಗಿ
ಸರಿ, ಹಾಗಾದ್ರೆ ಹೀಗೆ ಕೇಳಿ: ಮೊದಲ ಸಿಡಿಯ ಆರು ಹಾಡು, ಹಿಂದೆಯೇ ಸ್ಪಿಟ್ ಔಟ್ ದ ಬೋನ್. 44 ನಿಮಿಷ. ಇಷ್ಟೇ ಬಿಟ್ಟಿದ್ರೆ ನಾಲ್ಕನೇ ಸ್ಥಾನಕ್ಕೆ ಕೈ ಹಾಕ್ತಿತ್ತು. ಕರ್ಕ್ 250 ರಿಫ್ ಇದ್ದ ಫೋನ್ ಕಳ್ಕೊಂಡ, ಹಾಗಾಗಿ ಇದರ ರಚನೆಯಲ್ಲಿ ಅವನ ಹೆಸರೇ ಇಲ್ಲ.

#42 ತಮಟೆಪೆಟ್ಟು
ಬ್ಯಾಕಪ್ ಇಟ್ಕೊಳ್ಳಿ ಮಕ್ಕಳಾ.

#43 ತಾಳಪ್ರಿಯ
72 ಸೀಸನ್ಸ್‌ದೂ ಅದೇ ರೋಗ. ಕರ್ಕ್ ರಚನೆಗೆ ವಾಪಸ್ ಬಂದ, ಟ್ರುಹಿಯೋನ ಬೇಸ್ ಸ್ಪಷ್ಟ ಕೇಳುತ್ತೆ, ಧ್ವನಿ ಮುದ್ರಣಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ಪ್ರತಿ ರಿಫ್ ನಾಲ್ಕು ಸಲ ಸಾಕಿದ್ದ ಕಡೆ ಎಂಟು ಸಲ. ಲಕ್ಸ್ ಎಟರ್ನಾ ಮೂರು ಚಿಲ್ಲರೆ ನಿಮಿಷದಲ್ಲಿ ಹೇಳಿ ಮುಗಿಸುತ್ತೆ, ಹಾಗೇ ಮಿಕ್ಕವನ್ನೂ ಮೊಟಕು ಮಾಡಿದ್ರೆ ಆಗ್ತಿತ್ತು. ಹನ್ನೊಂದು ನಿಮಿಷದ ಇನಾಮೊರಾಟಾ ಮಾತ್ರ ಉದ್ದಕ್ಕೆ ತಕ್ಕ ಹಾಡು, ನಡುವೆ ಬೇಸ್ ಒಂಟಿಯಾಗಿ ನಿಲ್ಲೋ ಜಾಗ ಕೇಳಿ.

#44 ಬೇಸ್‌ಬೀಗ
ಬ್ಲ್ಯಾಕ್ ಆಲ್ಬಮ್ಮನ್ನ ಎಲ್ಲರೂ ಹಾರಿಸ್ಕೊಂಡು ಹೋಗ್ತಿದ್ದೀರಿ. #1ರ ಪ್ರಶ್ನೆಗೆ ಬ್ಯಾಂಡೇ ಕೊಟ್ಟ ಉತ್ತರ ಅದು. ಜಸ್ಟಿಸ್ ಒಣಕಲು ಅಂತ ಅವರಿಗೂ ಗೊತ್ತಾಗಿತ್ತು, ಬಾಬ್ ರಾಕ್‌ನ ಕರೆಸಿದ್ದು ಅದಕ್ಕೇ. ಒಬ್ಬೊಬ್ಬರೇ ನುಡಿಸಿ ಜೋಡಿಸೋದು ಬಿಟ್ಟು ಒಟ್ಟಿಗೆ ನುಡಿಸಿ ಅಂತ ಹಟ ಹಿಡಿದ. ಮೂರು ಸಲ ಮಿಕ್ಸ್ ಮಾಡಿದ್ರು, ಹತ್ತು ಲಕ್ಷ ಡಾಲರ್ ಖರ್ಚು. ಸ್ಯಾಡ್ ಬಟ್ ಟ್ರೂನಲ್ಲಿ ಜೇಸನ್ ಗಿಟಾರ್ ಕೆಳಗೆ ನೆಲ ಹಾಸ್ಕೊಂಡು ಕೂತಿದ್ದಾನೆ, ಹಾಡು ಅಷ್ಟು ತೂಗೋದು ಅದಕ್ಕೆ. ನಾಲ್ಕಲ್ಲ, ಎರಡು ಕೊಡಬೇಕು.

#45 ಡೌನ್‌ಸ್ಟ್ರೋಕ್
ಡೋಂಟ್ ಟ್ರೆಡ್ ಆನ್ ಮಿ ಇರೋ ಆಲ್ಬಮ್ಮಿಗೆ ಎರಡಾ?

#46 ಬೇಸ್‌ಬೀಗ
...ಸರಿ, ಮೂರು.

#47 ಹೊಸತಂತಿ
ಸ್ಯಾಡ್ ಬಟ್ ಟ್ರೂ ನನಗೆ ರೆಕಾರ್ಡಿನ ಜೊತೆ ಬರ್ತಿಲ್ಲ, ಅದೂ ಸಿ ನಾ?

#48 ಡೌನ್‌ಸ್ಟ್ರೋಕ್
ಅಲ್ಲ, ಆರೂ ತಂತಿ ಒಂದೊಂದು ಪೂರ್ಣ ಸ್ವರ ಇಳಿಸಿ: ಡಿ ಜಿ ಸಿ ಎಫ್ ಎ ಡಿ. ದ ಥಿಂಗ್ ದಟ್ ಶುಡ್ ನಾಟ್ ಬಿ ಕೂಡ ಅದೇ. ಎರಡನ್ನೂ ಒಂದೇ ಸಲ ಕೂತು ಕಲೀರಿ, ಮತ್ತೆ ಮತ್ತೆ ಏರಿಸಿ ಇಳಿಸಿದ್ರೆ ತಂತಿ ಬೇಗ ಸಾಯುತ್ತೆ.

#49 ಕಪ್ಪುಅಂಗಿ
ತಿದ್ದಿದ ಸಾಲು: 1 ರೈಡ್, 2 ಮಾಸ್ಟರ್, 3 ಜಸ್ಟಿಸ್, 4 ಬ್ಲ್ಯಾಕ್, 5 ಕಿಲ್ ಎಮ್ ಆಲ್, 6 ಲೋಡ್, 7 ಹಾರ್ಡ್‌ವೈರ್ಡ್, 8 72 ಸೀಸನ್ಸ್, 9 ಡೆತ್ ಮ್ಯಾಗ್ನೆಟಿಕ್, 10 ರೀಲೋಡ್, 11 ಸೇಂಟ್ ಆ್ಯಂಗರ್. ಜಸ್ಟಿಸ್‌ಗೆ ಕಳೆದ ಅಂಕ ವಾಪಸ್ ಕೊಡಲ್ಲ, #11 ಓದಿದ ಮೇಲಂತೂ ಇಲ್ಲ.

#50 ಕಡಲತಡಿ
ಲೋಡ್ ಒಂದು ಮೆಟ್ಟಿಲು ಹತ್ತಿತು. ಇನ್ನು ಫಿಕ್ಸರ್ ಕೇಳಿ ಬನ್ನಿ, ರೀಲೋಡ್ ವಿಷಯ ನಾಳೆ ಮಾತಾಡುವ.

#51 ಡೌನ್‌ಸ್ಟ್ರೋಕ್
ಮಾಸ್ಟರ್ ಇನ್ನೂ ಎರಡರಲ್ಲೇ ಇದೆ.